ಮುರಿದ ಹೊತ್ತಿನ ಲೆಕ್ಕ

ರಗ್ಬಿ ಎಂಬ ಆಟ ಒಂದಲ್ಲ, ಎರಡು ಎಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ವೈದ್ಯನಾಗಿರುವ ತಂಗಿಯ ಮಗನ ಮನೆಯಲ್ಲಿ ಕೆಲವು ವಾರ ಇದ್ದೆ. ಒಂದು ಸಂಜೆ ಟೀವಿಯ ಮುಂದೆ ಕೂತು, ಕೆಸರು ಮೆತ್ತಿಕೊಂಡ ದಾಂಡಿಗರು ಮೊಟ್ಟೆಯಾಕಾರದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬೀಳುವುದನ್ನು ಅರ್ಥವಾಗದಿದ್ದರೂ ನೋಡುತ್ತಿದ್ದೆ. ಪಕ್ಕದ ಮನೆಯ ಮುದುಕರೊಬ್ಬರು, ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತರಾದವರು, ಏನೋ ಕೇಳಲು ಬಂದವರು ಬಾಗಿಲಲ್ಲೇ ನಿಂತು ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಓ, ಆ ರಗ್ಬಿಯೋ" ಎಂದು ಹೇಳಿ ಹೊರಟುಹೋದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಡಿವಂತರ ಮನೆಯ ಪಡಸಾಲೆಗೆ ತಪ್ಪಿ ಕಾಲಿಟ್ಟವನು ಹಿಂದಕ್ಕೆ ಸರಿಯುತ್ತಾನಲ್ಲ, ಅಂಥದೊಂದು ಸಂಕೋಚ, ಅದರ ಅಡಿಯಲ್ಲಿ ಸ್ವಲ್ಪ ಹಮ್ಮು. ನನ್ನ ಸೋದರಳಿಯ ನಗುತ್ತ ಹೇಳಿದ: "ಯಾವ ರಗ್ಬಿ ನೋಡ್ತೀರಿ ಅಂತ ಇಲ್ಲಿ ಕೇಳೋದು, ನಮ್ಮಲ್ಲಿ 'ತಾವು ಯಾವ ಪೈಕಿ' ಅಂತ ಕೇಳಿದ ಹಾಗೆ, ಮಾವ."

ಆ ಮಾತು ಕೇಳಿದ ಮೇಲೆ ನನಗೆ ಆಟಕ್ಕಿಂತ ಅದರ 'ಪೈಕಿ'ಯ ಬಗ್ಗೆಯೇ ಕುತೂಹಲ ಹುಟ್ಟಿತು. ಆಟದ ವ್ಯತ್ಯಾಸ ಹೇಳಿ ಮುಗಿಸುವಷ್ಟು ಸಣ್ಣದು. ರಗ್ಬಿ ಯೂನಿಯನ್ ಎಂಬುದರಲ್ಲಿ ತಂಡಕ್ಕೆ ಹದಿನೈದು ಜನ, ರಗ್ಬಿ ಲೀಗ್ ಎಂಬುದರಲ್ಲಿ ಹದಿಮೂರು. ಮೊದಲನೆಯದರಲ್ಲಿ ಚೆಂಡಿನವನು ನೆಲಕ್ಕೆ ಬಿದ್ದ ಮೇಲೂ ಗುಂಪಿನ ಗುದ್ದಾಟ ಮುಂದುವರಿಯುತ್ತದೆ. ಎರಡನೆಯದರಲ್ಲಿ ಬಿದ್ದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸುತ್ತಾನೆ, ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ. ಹೊರಗಿನವನ ಕಣ್ಣಿಗೆ ಎರಡೂ ಒಂದೇ ಜಗಳ. ಇಷ್ಟಕ್ಕಾಗಿ ನೂರು ವರ್ಷ ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಪಂಕ್ತಿಯಿಂದ ಹೊರಗಿಟ್ಟರು ಎಂದರೆ ಕಾರಣ ಆಟದಲ್ಲಿ ಇರಲಾರದು.

ಕಾರಣ ಇದ್ದದ್ದು ಆರು ಶಿಲ್ಲಿಂಗಿನಲ್ಲಿ.

1871ರಲ್ಲಿ ಲಂಡನ್ನಿನಲ್ಲಿ ರಗ್ಬಿ ಫುಟ್‌ಬಾಲ್ ಯೂನಿಯನ್ ಹುಟ್ಟಿದಾಗ ಅದು ದೊಡ್ಡ ಶಾಲೆಗಳಲ್ಲಿ ಓದಿದವರ ಕೂಟ. ಆದರೆ ಅದಕ್ಕೂ ಮುಂಚೆ 1850ರ ಕಾರ್ಖಾನೆ ಕಾಯ್ದೆ ಜವಳಿ ಗಿರಣಿಗಳಿಗೆ ಶನಿವಾರ ಮಧ್ಯಾಹ್ನ ಎರಡಕ್ಕೆ ಬೀಗ ಹಾಕಿಸಿತ್ತು. ಲಾಂಕಷೈರ್, ಯಾರ್ಕ್‌ಷೈರಿನ ಗಿರಣಿ ಊರುಗಳಿಗೆ ಇತಿಹಾಸದಲ್ಲೇ ಮೊದಲ ಬಾರಿ ಒಂದು ಖಾಲಿ ಅಪರಾಹ್ನ ಸಿಕ್ಕಿತು. ಆ ಖಾಲಿ ಜಾಗಕ್ಕೆ ರಗ್ಬಿ ನುಗ್ಗಿತು. ಮಾಲೀಕರ ಮಕ್ಕಳು ಶಾಲೆಯಿಂದ ತಂದ ಆಟವನ್ನು ನೂಲುವವರು, ಬಣ್ಣ ಹಾಕುವವರು, ಗಣಿಯವರು ಆಡತೊಡಗಿದರು. ಆಡಿದರಷ್ಟೇ ಅಲ್ಲ, ಕಲಿಸಿದವರಿಗಿಂತ ಚೆನ್ನಾಗಿ ಆಡಿದರು. ತಾಪತ್ರಯ ಶುರುವಾದದ್ದು ಇಲ್ಲಿಂದ.

ಊರಾಚೆಯ ಪಂದ್ಯಕ್ಕೆ ಹೋಗಬೇಕಾದರೆ ಶನಿವಾರ ಬೆಳಿಗ್ಗೆಯ ಪಾಳಿ ಬಿಡಬೇಕು. ಪಾಳಿ ಬಿಟ್ಟರೆ ಕೂಲಿ ಇಲ್ಲ. ಮೂಳೆ ಮುರಿದರೆ ವಾರಗಟ್ಟಲೆ ಕೂಲಿ ಇಲ್ಲ. ವಕೀಲನಿಗೂ ಜಮೀನ್ದಾರನ ಮಗನಿಗೂ ಶನಿವಾರ ಒಂದು ದಿನ ಮಾತ್ರ. ಗಿರಣಿಯವನಿಗೆ ಅದು ವಾರದ ರೊಟ್ಟಿಯ ಆರನೆಯ ಒಂದು ಪಾಲು. ಉತ್ತರದ ಕ್ಲಬ್ಬುಗಳು ಕೇಳಿದ್ದು ಸಂಬಳವನ್ನಲ್ಲ. ಆಟಕ್ಕಾಗಿ ಕೆಲಸ ಬಿಟ್ಟ ಹೊತ್ತಿನ ಕೂಲಿಯನ್ನು ತುಂಬಿಕೊಡೋಣ ಎಂದರು. ಅದನ್ನು ಅವರು 'ಬ್ರೋಕನ್ ಟೈಮ್' ಎಂದು ಕರೆದರು, ಮುರಿದ ಹೊತ್ತು. ಎಷ್ಟು ಸರಿಯಾದ ಮಾತು! ಹೊತ್ತು ಮುರಿಯುವುದು ಅದನ್ನು ಗಂಟೆಯ ಲೆಕ್ಕದಲ್ಲಿ ಮಾರಿಕೊಂಡವನಿಗೆ ಮಾತ್ರ. ಉಳಿದವರ ಹೊತ್ತು ಹರಿಯುತ್ತದೆ, ಕಳೆಯುತ್ತದೆ, ಮುರಿಯುವುದಿಲ್ಲ.

1893ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಯೂನಿಯನ್ನಿನ ಮಹಾಸಭೆ ಸೇರಿತು. ಯಾರ್ಕ್‌ಷೈರಿನ ಜೇಮ್ಸ್ ಮಿಲ್ಲರ್ ಮುರಿದ ಹೊತ್ತಿನ ಪರಿಹಾರದ ಗೊತ್ತುವಳಿ ಮಂಡಿಸಿದರು. ಪರವಾಗಿ 136 ಮತ, ವಿರುದ್ಧ 282. ವಿರೋಧಿಗಳ ಪೈಕಿ ಒಬ್ಬರ ಜೇಬಿನಲ್ಲೇ ಸಭೆಗೆ ಬಾರದ ಕ್ಲಬ್ಬುಗಳ ನೂರಕ್ಕೂ ಮಿಕ್ಕ ಮತಗಳಿದ್ದವಂತೆ. ಎರಡು ವರ್ಷದ ಬಳಿಕ, 1895ರ ಆಗಸ್ಟ್ 29ರಂದು, ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್ಬುಗಳು ಬೇರೆಯಾದವು. ದಿನಕ್ಕೆ ಹೆಚ್ಚೆಂದರೆ ಆರು ಶಿಲ್ಲಿಂಗ್ ಕೊಡಬಹುದು ಎಂದು ಗೊತ್ತುಮಾಡಿಕೊಂಡವು. ಅಂದಿನಿಂದ ಅತ್ತ ಆಡಿದವನು ಇತ್ತ ಬರುವಂತಿಲ್ಲ. ಅವರ ಜೊತೆ ಒಂದು ಆಟ ಆಡಿದರೂ, ಬಿಡಿಗಾಸು ಪಡೆಯದೆ ಆಡಿದರೂ, ಆಜೀವ ಬಹಿಷ್ಕಾರ.

ತಮಾಷೆಯೆಂದರೆ ಅದೇ 1895ರಲ್ಲಿ ರಗ್ಬಿ ಶಾಲೆಯ ಹಳೆಯ ವಿದ್ಯಾರ್ಥಿಗಳು ಆಟದ ಹುಟ್ಟಿನ ಬಗ್ಗೆ ಒಂದು ವಿಚಾರಣಾ ಸಮಿತಿ ಮಾಡಿಕೊಂಡರು. 1823ರಲ್ಲಿ ವಿಲಿಯಂ ವೆಬ್ ಎಲ್ಲಿಸ್ ಎಂಬ ಹುಡುಗ ಚೆಂಡನ್ನು ಎತ್ತಿಕೊಂಡು ಓಡಿದನೆಂಬ ಕಥೆ ಅಲ್ಲಿಂದ ಶಾಸನವಾಯಿತು. ಕಣ್ಣಾರೆ ಕಂಡೆ ಎನ್ನುವ ಒಂದು ಸಾಕ್ಷಿಯೂ ಸಿಕ್ಕಿರಲಿಲ್ಲ. ಆ ಹುಡುಗ ಪಾದ್ರಿಯಾಗಿ 1872ರಲ್ಲೇ ತೀರಿಕೊಂಡಿದ್ದ. ಮನೆ ಪಾಲಾಗುವ ಹೊತ್ತಿಗೇ ವಂಶಾವಳಿಯ ಕಡತ ಅಟ್ಟದಿಂದ ಇಳಿಯುವುದು ನಮಗೇನೂ ಹೊಸದಲ್ಲವಲ್ಲ.

ಇಷ್ಟು ಓದಿದ ಮೇಲೆ ಯಾರು ಒಳ್ಳೆಯವರು ಯಾರು ಕೆಟ್ಟವರು ಎಂದು ತೀರ್ಪು ಕೊಡುವುದು ಸುಲಭ. ಆದರೆ ಸೋಲಿಸಿದವರ ವಾದವನ್ನೂ ಕೇಳಬೇಕು. ಅವರ ಕಣ್ಣೆದುರು ಫುಟ್‌ಬಾಲಿನ ಉದಾಹರಣೆ ಇತ್ತು. 1883ರಲ್ಲಿ ಬ್ಲ್ಯಾಕ್‌ಬರ್ನಿನ ಕಾರ್ಮಿಕರ ತಂಡವೊಂದು ಈಟನ್ ಶಾಲೆಯ ಹಳಬರನ್ನು ಎಫ್.ಎ. ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲಿಸಿತು. ಎರಡು ವರ್ಷದಲ್ಲಿ, 1885ರಲ್ಲಿ, ದುಡ್ಡು ಕೊಡುವುದು ಸಕ್ರಮವಾಯಿತು. ಮುಂದೆಂದೂ ಅಂಥ ಹಳೆಯ ವಿದ್ಯಾರ್ಥಿಗಳ ತಂಡ ಆ ಕಪ್ಪನ್ನು ಗೆಲ್ಲಲಿಲ್ಲ. ರಗ್ಬಿಯವರು ಹೇಳಿದ್ದಿಷ್ಟು: ಇಂದು ಮುರಿದ ಹೊತ್ತಿಗೆ ಕೊಟ್ಟರೆ ನಾಳೆ ಇಡೀ ಹೊತ್ತಿಗೆ ಕೊಡಬೇಕಾಗುತ್ತದೆ, ಸಂಬಳದವನ ಎದುರು ಸಂತೋಷಕ್ಕೆ ಆಡುವವನು ನಿಲ್ಲಲಾರ, ಆಟವೂ ಗಿರಣಿಯಾಗುತ್ತದೆ. ಇದು ಬರೀ ಸೋಗಿನ ಮಾತು ಎಂದು ನಾನು ಹೇಳಲಾರೆ. ಪ್ರೀತಿಯಿಂದ ಮಾಡುವ ಕೆಲಸಕ್ಕೆ ದರಪಟ್ಟಿ ಬಂದ ದಿನ ಏನೋ ಒಂದು ಕಳೆದುಹೋಗುತ್ತದೆ ಎಂಬ ಭಯ ನನಗೂ ಇದೆ.

ತಪ್ಪಿರುವುದು ಆ ಭಯದಲ್ಲಲ್ಲ, ಅದರ ಖರ್ಚನ್ನು ಯಾರ ತಲೆಗೆ ಕಟ್ಟಿದರು ಎಂಬಲ್ಲಿ. ಹವ್ಯಾಸದ ಶುದ್ಧತೆಯನ್ನು ಉಳಿಸಲು ಗಿರಣಿಯವನು ತನ್ನ ಕೂಲಿ ಬಿಡಬೇಕಿತ್ತು. ಶುದ್ಧತೆಯ ಉಪದೇಶ ಮಾಡಿದವರು ಏನನ್ನೂ ಬಿಡಬೇಕಾಗಿರಲಿಲ್ಲ. ದೋಣಿ ಸ್ಪರ್ಧೆಗಳ ಹೆನ್ಲಿಯಲ್ಲಂತೂ 1879ರ ನಿಯಮ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿತು: ಕೂಲಿಗೆ ದುಡಿಯುವ ಯಂತ್ರಕರ್ಮಿ, ಕುಶಲಕರ್ಮಿ, ಕಾರ್ಮಿಕ ಇವರು ಹವ್ಯಾಸಿಗಳೇ ಅಲ್ಲ. ದೋಣಿ ಹುಟ್ಟಿದ್ದಕ್ಕೆ ದುಡ್ಡು ಪಡೆದರೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ, ಕೈಯಿಂದ ದುಡಿದರೆ ಮುಗಿಯಿತು. ಕ್ರಿಕೆಟ್ಟಿನ ಕಥೆ ನಮ್ಮವರಿಗೆ ಹೆಚ್ಚು ಪರಿಚಿತ. 'ಜಂಟಲ್‌ಮನ್' ಆಟಗಾರರಿಗೂ ಸಂಬಳದ 'ಪ್ಲೇಯರ್'ಗಳಿಗೂ 1962ರವರೆಗೆ ಪ್ರತಿವರ್ಷ ಪಂದ್ಯ ನಡೆಯುತ್ತಿತ್ತು. ಅಂಕಪಟ್ಟಿಯಲ್ಲಿ ಮೊದಲನೆಯವರಿಗೆ ಹೆಸರಿನ ಹಿಂದೆ ಇನಿಷಿಯಲ್ಲು, ಎರಡನೆಯವರಿಗೆ ಮುಂದೆ. ಫ್ರೆಡ್ ಟಿಟ್ಮಸ್ ಎಂಬ ಹುಡುಗನ ಇನಿಷಿಯಲ್ಲು ತಪ್ಪು ಕಡೆ ಅಚ್ಚಾಗಿದೆ ಎಂದು ಲಾರ್ಡ್ಸ್ ಮೈದಾನದ ಧ್ವನಿವರ್ಧಕದಲ್ಲಿ ತಿದ್ದುಪಡಿ ಘೋಷಿಸಿದ್ದರಂತೆ! ಇತ್ತ ಹವ್ಯಾಸಿಗಳ ಚಕ್ರವರ್ತಿ ಡಬ್ಲ್ಯು.ಜಿ. ಗ್ರೇಸ್ ಆಟದಿಂದ ಗಳಿಸಿದಷ್ಟು ಯಾವ ಸಂಬಳದವನೂ ಗಳಿಸಲಿಲ್ಲ. ಅದಕ್ಕೆ ಖರ್ಚುವೆಚ್ಚ ಎಂದು ಹೆಸರು.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ಈಗಲೂ ಸೆಣಸುವುದು ಕಲ್ಕತ್ತಾ ಕಪ್ಪಿಗಾಗಿ. ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಹೊರತೆಗೆದು, ಕರಗಿಸಿ ಮಾಡಿಸಿದ ಬಟ್ಟಲು ಅದು. ಹಿಡಿಕೆಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಡುತ್ತಿದ್ದಾರೆ. ದುಡ್ಡನ್ನು ಮುಟ್ಟಲೊಲ್ಲದ ಆಟದ ಅತಿ ಹಳೆಯ ಅಂತರರಾಷ್ಟ್ರೀಯ ಪಾರಿತೋಷಕ ದುಡ್ಡಿನಿಂದಲೇ, ನಮ್ಮ ದುಡ್ಡಿನಿಂದಲೇ ಆದದ್ದು.

ಹಾಗೆಂದು ಉತ್ತರದವರನ್ನು ಸಮಾಜವಾದಿಗಳನ್ನಾಗಿ ಮಾಡುವುದೂ ಬೇಡ. ಜಾರ್ಜ್ ಹೋಟೆಲಿನಲ್ಲಿ ಕೂತವರು ವ್ಯಾಪಾರಿಗಳು, ಕಾರ್ಖಾನೆಗೆ ಸೇರಿದವರು. 1898ರಲ್ಲಿ ಆಟಕ್ಕೆ ನೇರವಾಗಿ ಹಣ ಕೊಡಲು ಒಪ್ಪಿದಾಗಲೂ ಅವರು ಒಂದು ಷರತ್ತು ಹಾಕಿದರು: ಆಟಗಾರನಿಗೆ ಬೇರೊಂದು ಗೌರವದ ಉದ್ಯೋಗ ಇರಲೇಬೇಕು. ಕೆಲಸ ಹೋದರೆ ಆಟವೂ ಹೋಯಿತು. ಬಡವನು ಬರೀ ಆಡಿಕೊಂಡು ಬದುಕುವುದು ಅವರಿಗೂ ಸಹಿಸಲಾಗದ ಸಂಗತಿಯೇ ಆಗಿತ್ತು.

ಹಾಗಾದರೆ ಹದಿನೈದರ ಆಟ ಸಿರಿವಂತರದು, ಹದಿಮೂರರದು ಬಡವರದು ಎಂದು ಬರೆದುಕೊಂಡರೆ ಆಯಿತೆ? ವೇಲ್ಸಿಗೆ ಹೋದರೆ ಈ ಲೆಕ್ಕ ತಲೆಕೆಳಗು. ಅಲ್ಲಿ ಗಣಿಯ ಕಣಿವೆಗಳ ಜನ, ತಗಡಿನ ಕಾರ್ಖಾನೆಯವರು ಆಡಿದ್ದು ಯೂನಿಯನ್ ರಗ್ಬಿಯನ್ನೇ. 1905ರ ಡಿಸೆಂಬರಿನಲ್ಲಿ ಕಾರ್ಡಿಫ್‌ನಲ್ಲಿ ನ್ಯೂಜಿಲೆಂಡಿನವರನ್ನು 3-0 ಅಂತರದಿಂದ ಸೋಲಿಸಿದ ಮೇಲೆ ಅದು ವೇಲ್ಸಿನ ರಾಷ್ಟ್ರಧರ್ಮವೇ ಆಗಿಹೋಯಿತು. ಕೂಲಿಯವರು ಹೇಗೆ ಆಡಿದರು? ವೇಲ್ಸಿನವರು ನಿಯಮವನ್ನು ಗೋಡೆಗೆ ತೂಗುಹಾಕಿ ಬೆನ್ನು ತಿರುಗಿಸಿ ಕೂತರು. ಆಟ ಮುಗಿದ ಮೇಲೆ ಬೂಟಿನೊಳಗೆ ನಾಣ್ಯಗಳು ಸಿಗುತ್ತಿದ್ದವು; ಯಾರು ಹಾಕಿದರೋ ದೇವರಿಗೇ ಗೊತ್ತು. ಆರ್ಥರ್ ಗೌಲ್ಡ್ ಎಂಬ ನಾಯಕನಿಗೆ 1897ರಲ್ಲಿ ಸಾರ್ವಜನಿಕ ನಿಧಿಯಿಂದ ಒಂದು ಮನೆಯನ್ನೇ ಕೊಟ್ಟರು. ಸ್ಕಾಟ್ಲೆಂಡ್, ಐರ್ಲೆಂಡ್ ಆ ವರ್ಷ ವೇಲ್ಸಿನ ಜೊತೆ ಆಡಲಿಲ್ಲ. ಇಂಗ್ಲೆಂಡ್ ಮೊದಲು ಮುನಿಸಿಕೊಂಡು, ಆಮೇಲೆ ವೇಲ್ಸೂ ಬಿಟ್ಟುಹೋದೀತೆಂದು ಹೆದರಿ, ಅದೊಂದು ವಿಶೇಷ ಪ್ರಕರಣ ಎಂದು ನುಂಗಿಕೊಂಡಿತು. ಯಾರ್ಕ್‌ಷೈರಿನವನಿಗೆ ಆರು ಶಿಲ್ಲಿಂಗ್ ಪಾಪ, ವೇಲ್ಸಿನವನಿಗೆ ಮನೆ ವಿಶೇಷ ಪ್ರಕರಣ! ಈ ವೇಲ್ಸ್ ರೀತಿಯ ಸುಳ್ಳನ್ನು ನಾನು ಮೊದಲು ಹೀನವೆಂದೇ ತಿಳಿದಿದ್ದೆ. ಈಗ ಅಷ್ಟು ಖಚಿತವಿಲ್ಲ. ಸತ್ಯವಂತರ ನಿಯಮ ಗಿರಣಿಯವನನ್ನು ಹೊರಹಾಕಿತು, ಸುಳ್ಳುಗಾರರ ಮೌನ ಗಣಿಯವನನ್ನು ಒಳಗಿಟ್ಟುಕೊಂಡಿತು. ಆದರೆ ಮೌನದ ಮೇಲೆ ನಿಂತ ನ್ಯಾಯ ಎಲ್ಲರಿಗೂ ಸಿಗುವುದಿಲ್ಲ. ಕಾರ್ಡಿಫ್ ಬಂದರಿನ ಟೈಗರ್ ಬೇ ಓಣಿಯ ಕಪ್ಪು ಹುಡುಗ ಬಿಲ್ಲಿ ಬಾಸ್ಟನ್‌ನಿಗೆ ವೇಲ್ಸಿನ ಅಂಗಿ ಸಿಗುವಂತಿರಲಿಲ್ಲ. 1953ರಲ್ಲಿ ಅವನು ಉತ್ತರಕ್ಕೆ, ವಿಗನ್ ಊರಿನ ಲೀಗ್ ತಂಡಕ್ಕೆ ಹೋದ. ಅದೇ ಊರಿನಿಂದ ಹೋದ ಕ್ಲೈವ್ ಸಲಿವನ್ 1972ರಲ್ಲಿ ಬ್ರಿಟನ್ನಿನ ಲೀಗ್ ತಂಡದ ನಾಯಕನಾಗಿ ವಿಶ್ವಕಪ್ ಎತ್ತಿಹಿಡಿದ. ಬ್ರಿಟನ್ನಿನ ರಾಷ್ಟ್ರೀಯ ತಂಡವೊಂದಕ್ಕೆ ಕಪ್ಪು ನಾಯಕ ಬಂದದ್ದು ಅದೇ ಮೊದಲು. 2025ರಲ್ಲಿ ತೊಂಬತ್ತು ದಾಟಿದ ಬಾಸ್ಟನ್‌ಗೆ 'ಸರ್' ಪದವಿ ಕೊಟ್ಟರು. ಲೀಗ್ ರಗ್ಬಿಯ ಆಟಗಾರನೊಬ್ಬನಿಗೆ ಅದು ದೊರೆಯಲು ನೂರಾ ಮೂವತ್ತು ವರ್ಷ ಬೇಕಾಯಿತು.

ಆಸ್ಟ್ರೇಲಿಯಾದಲ್ಲಿ ಲೀಗ್ ಹುಟ್ಟಿಗೆ ಕಾರಣ ಒಂದು ಭುಜ. 1907ರಲ್ಲಿ ಅಲೆಕ್ ಬರ್ಡನ್ ಎಂಬ ಆಟಗಾರ ಭುಜಕ್ಕೆ ಪೆಟ್ಟು ಮಾಡಿಕೊಂಡು ಕೆಲಸ ಮಾಡಲಾರದೆ ಕೂತ. ಯೂನಿಯನ್ ಕಾಸು ಬಿಚ್ಚಲಿಲ್ಲ. ಸಿಡ್ನಿಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ವಿಕ್ಟರ್ ಟ್ರಂಪರ್ ಮತ್ತು ಗೆಳೆಯರು ಸೇರಿ ಹೊಸ ಲೀಗ್ ಕಟ್ಟಿದರು. ಹೌದು, 1902ರಲ್ಲಿ ಮ್ಯಾಂಚೆಸ್ಟರಿನಲ್ಲಿ ಊಟದ ವಿರಾಮಕ್ಕೆ ಮುನ್ನವೇ ಶತಕ ಬಾರಿಸಿದ ಅದೇ ಟ್ರಂಪರ್. ಸಿಡ್ನಿಯ ಕೂಲಿಕಾರರ ಬಡಾವಣೆಗಳು ಒಂದಾದ ಮೇಲೊಂದು ಲೀಗಿಗೆ ಬಂದವು. ಯೂನಿಯನ್ ದುಬಾರಿ ಫೀಸಿನ ಶಾಲೆಗಳಿಗೆ ಹಿಂದೆಗೆಯಿತು. ಪಕ್ಕದ ನ್ಯೂಜಿಲೆಂಡಿನಲ್ಲಿ ಆಲ್ಬರ್ಟ್ ಬ್ಯಾಸ್ಕರ್ವಿಲ್ ಎಂಬ ಅಂಚೆ ಕಚೇರಿಯ ಗುಮಾಸ್ತ ತಂಡ ಕಟ್ಟಿಕೊಂಡು ಇಂಗ್ಲೆಂಡಿನ ಉತ್ತರಕ್ಕೆ ಹೋಗಿ ಬಂದ, ಹಿಂದಿರುಗುವಾಗ ಬ್ರಿಸ್ಬೇನಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅವನಿಗೆ ಇಪ್ಪತ್ತೈದು ವರ್ಷ. ಆದರೆ ಅಲ್ಲಿ ಯೂನಿಯನ್ ಹೈನುಗಾರನಿಗೂ ಮಾವೊರಿಗೂ ವಕೀಲನಿಗೂ ಸೇರಿದ ಆಟವಾಗಿಯೇ ಉಳಿಯಿತು. ಒಂದೇ ಆಟ, ಒಂದೇ ನಿಯಮ, ಸಮುದ್ರ ದಾಟಿದರೆ ಬೇರೆ ಜಾತಿ.

ಫ್ರಾನ್ಸಿನ ಕಥೆ ಮಾತ್ರ ನನ್ನನ್ನು ನಿದ್ದೆಗೆಡಿಸಿತು. 1931ರಲ್ಲಿ ಬ್ರಿಟನ್ನಿನ ಯೂನಿಯನ್ನುಗಳು ಗುಪ್ತವಾಗಿ ಹಣ ಕೊಡುವುದು ಮತ್ತು ಒರಟುತನದ ಆರೋಪ ಹೊರಿಸಿ ಫ್ರಾನ್ಸನ್ನು ದೂರವಿಟ್ಟವು. ಜಾನ್ ಗಾಲಿಯಾ ಎಂಬ ಆಟಗಾರ 1934ರಲ್ಲಿ ಅಲ್ಲಿಗೆ ಹದಿಮೂರರ ಆಟ ತಂದ. ನೈಋತ್ಯದ ಊರುಗಳಲ್ಲಿ ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಮುಂದೆ ಯುದ್ಧ ಬಂತು, ಸೋಲು ಬಂತು, ವಿಷಿ ಸರ್ಕಾರ ಬಂತು. 1941ರ ಡಿಸೆಂಬರಿನಲ್ಲಿ ಮಾರ್ಷಲ್ ಪೆತ್ಯಾಂ ಸಹಿಮಾಡಿದ ಒಂದು ಆಜ್ಞೆ ಲೀಗ್ ಸಂಘವನ್ನೇ ವಿಸರ್ಜಿಸಿ ಅದರ ಆಸ್ತಿಯನ್ನು ಮುಟ್ಟುಗೋಲು ಹಾಕಿತು. ದುಡ್ಡಿನಿಂದ ಕಲುಷಿತವಾಗದ ಆಟ ಬೇಕು ಎನ್ನುವುದು ಆ ಆಡಳಿತದ ಘೋಷಣೆ. ಅದರ ಕ್ರೀಡಾ ಇಲಾಖೆಯ ಮೇಲುಹುದ್ದೆಯಲ್ಲಿ ಯೂನಿಯನ್ ರಗ್ಬಿಯ ಹಳೆಯ ಆಟಗಾರರೇ ಇದ್ದರು. ಯುದ್ಧ ಮುಗಿಯಿತು. ಆಟ ಮರಳಿ ಬಂತು, ಹೆಸರು ಬರಲಿಲ್ಲ. 'ರಗ್ಬಿ' ಎಂಬ ಪದವನ್ನು ಬಳಸುವ ಹಕ್ಕೇ ಇಲ್ಲದೆ ಅವರು ತಮ್ಮ ಆಟವನ್ನು 'ಹದಿಮೂರರ ಆಟ' ಎಂದು ಕರೆದುಕೊಂಡು 1951ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಸರಣಿ ಗೆದ್ದುಬಂದರು. ಹೆಸರು ಮರಳಿ ದೊರೆತದ್ದು 1991ರಲ್ಲಿ. ಶುದ್ಧತೆಯ ಮಾತು ಒಂದು ಕ್ಲಬ್ಬಿನ ಕೋಣೆಯಲ್ಲಿದ್ದಾಗ ಅಹಂಕಾರ, ಅದರ ಕೈಗೆ ಪೊಲೀಸರು ಸಿಕ್ಕರೆ ಏನಾಗುತ್ತದೆಂಬುದಕ್ಕೆ ಇನ್ನೇನು ಬೇಕು.

ಇದನ್ನೆಲ್ಲ ನಾನು ಯಾಕೆ ಇಷ್ಟು ಹಚ್ಚಿಕೊಂಡು ಓದಿದೆ ಎಂದು ಹೇಳಿಬಿಡುವುದು ಒಳ್ಳೆಯದು. 1970ರ ದಶಕದಲ್ಲಿ ನಮ್ಮೂರಿನಲ್ಲಿ ನಾವು ಹತ್ತು ಹನ್ನೆರಡು ಜನ ಒಂದು ಹವ್ಯಾಸಿ ನಾಟಕ ತಂಡ ಕಟ್ಟಿಕೊಂಡಿದ್ದೆವು. 'ಹವ್ಯಾಸಿ' ಎಂಬ ಶಬ್ದವನ್ನು ನಾವು ಎದೆಯ ಮೇಲಿನ ಪದಕದ ಹಾಗೆ ಧರಿಸಿ ಓಡಾಡುತ್ತಿದ್ದೆವು. ವೃತ್ತಿ ಕಂಪನಿಯವರು ಹೊಟ್ಟೆಪಾಡಿಗೆ ಬಣ್ಣ ಹಚ್ಚುವವರು, ನಾವು ಕಲೆಗಾಗಿ ಹಚ್ಚುವವರು. ತಂಡದಲ್ಲಿ ಕಾಲೇಜು ಮೇಷ್ಟರು, ಬ್ಯಾಂಕಿನವರು, ವಿಮೆಯವರು, ಮತ್ತು ಒಬ್ಬ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವವನು. ನಮ್ಮೆಲ್ಲರಲ್ಲಿ ನಟ ಎನ್ನಬಹುದಾದವನು ಅವನೊಬ್ಬನೇ. ಒಂದು ದೊಡ್ಡ ನಾಟಕಕ್ಕೆ ಆರು ವಾರದ ತಾಲೀಮು ಗೊತ್ತಾಯಿತು. ಮುಖ್ಯ ಪಾತ್ರ ಅವನಿಗೆ. ಅವನು ತುಂಬಾ ಹಿಂಜರಿಯುತ್ತ ಕೇಳಿದ್ದು ಇಷ್ಟು: ಸಂಜೆಯ ಹೆಚ್ಚುವರಿ ಪಾಳಿ ಬಿಟ್ಟರೆ ದಿನಕ್ಕೆ ಎರಡೂವರೆ ರೂಪಾಯಿ ಹೋಗುತ್ತದೆ, ಅದರ ಅರ್ಧವಾದರೂ ತಂಡ ಕೊಟ್ಟೀತೆ ಎಂದು.

ಸಭೆ ಸೇರಿದೆವು. ಅತಿ ಉದ್ದ ಮಾತಾಡಿದವನು ನಾನು. ಹವ್ಯಾಸಿ ರಂಗಭೂಮಿಯ ಆತ್ಮದ ಬಗ್ಗೆ ಮಾತಾಡಿದೆ. ಇಂದು ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದೆ. 1893ರ ಲಂಡನ್ ಸಭೆಯ ಹೆಸರನ್ನೂ ಕೇಳಿರದ ನಾನು ಅಲ್ಲಿನ ಮಾತನ್ನು ಹೆಚ್ಚುಕಡಿಮೆ ಅಕ್ಷರಶಃ ಆಡಿದ್ದೆ. ನನಗೆ ಒಂದನೇ ತಾರೀಖು ಸಂಬಳ ಬರುತ್ತಿತ್ತು. ತಾಲೀಮಿಗೆಂದು ನಾನು ಬಿಟ್ಟದ್ದು ಸಂಜೆಯ ವಾಕಿಂಗ್ ಒಂದನ್ನೇ. ಮುಖ್ಯ ಪಾತ್ರವನ್ನು ಬ್ಯಾಂಕಿನವರೊಬ್ಬರು ಮಾಡಿದರು. ನಾಟಕ ಹೇಗಾಯಿತೆಂದು ಹೇಳುವುದು ಬೇಡ.

1995ರ ಆಗಸ್ಟ್ ಕೊನೆಯಲ್ಲಿ, ಹಡರ್ಸ್‌ಫೀಲ್ಡಿನ ಒಡಕಿಗೆ ನೂರು ವರ್ಷ ತುಂಬಲು ಎರಡು ಮೂರು ದಿನ ಉಳಿದಿರುವಾಗ, ಯೂನಿಯನ್ ರಗ್ಬಿಯ ಅಂತರರಾಷ್ಟ್ರೀಯ ಮಂಡಳಿ ಪ್ಯಾರಿಸ್ಸಿನಲ್ಲಿ ಸೇರಿ ಆಟಗಾರರಿಗೆ ಹಣ ಕೊಡಬಹುದೆಂದು ಸಾರಿತು. ಟೆಲಿವಿಷನ್ನಿನ ಕೋಟಿಗಳು ಬಾಗಿಲು ತಟ್ಟುತ್ತಿದ್ದವು. ಆರು ಶಿಲ್ಲಿಂಗಿಗೆ ತೆರೆಯದ ಬಾಗಿಲು ಕೋಟಿಗಳಿಗೆ ತೆರೆಯಿತು. ಬಹಿಷ್ಕಾರಗಳು ಬಿದ್ದುಹೋದವು. ಮರುವರ್ಷವೇ ಲೀಗಿನ ವಿಗನ್, ಯೂನಿಯನ್ನಿನ ಬಾತ್ ಎರಡು ಪಂದ್ಯ ಆಡಿದವು, ಒಂದು ಅವರ ನಿಯಮದಲ್ಲಿ, ಒಂದು ಇವರ ನಿಯಮದಲ್ಲಿ. ತಮ್ಮ ತಮ್ಮ ನಿಯಮದಲ್ಲಿ ಗೆದ್ದರು, ಇನ್ನೊಬ್ಬರದರಲ್ಲಿ ಸೋತರು. ಹಳಬರ ಭಯವೂ ಪೂರ್ತಿ ಸುಳ್ಳಾಗಲಿಲ್ಲ. 2022ರಲ್ಲಿ ವೂಸ್ಟರ್ ಮತ್ತು ವಾಸ್ಪ್ಸ್, 2023ರಲ್ಲಿ ಲಂಡನ್ ಐರಿಶ್, ಹೀಗೆ ಇಂಗ್ಲೆಂಡಿನ ಹೆಸರಾಂತ ಯೂನಿಯನ್ ಕ್ಲಬ್ಬುಗಳು ಸಂಬಳದ ಭಾರಕ್ಕೆ, ಸಾಲಕ್ಕೆ ಕುಸಿದುಬಿದ್ದವು. ಅವುಗಳ ಪೈಕಿ ವಾಸ್ಪ್ಸ್ 1867ರಷ್ಟು ಹಳೆಯದು. ಇತ್ತ ದಕ್ಷಿಣ ಆಫ್ರಿಕಾದಲ್ಲಿ, ಒಂದು ಕಾಲಕ್ಕೆ ಬಿಳಿಯರ ಪ್ರಭುತ್ವದ ಲಾಂಛನವೇ ಆಗಿದ್ದ ಅದೇ ಆಟದ ಅಂಗಿ ತೊಟ್ಟು, ಜ್ವಿಡೆ ಎಂಬ ಬಡ ಬಡಾವಣೆಯ ಸಿಯಾ ಕೊಲಿಸಿ 2019ರಲ್ಲೂ 2023ರಲ್ಲೂ ವಿಶ್ವಕಪ್ ಎತ್ತಿದ. ದುಡ್ಡು ಬಂದದ್ದರಿಂದ ಆಟ ಕೆಟ್ಟಿತೋ ಉದ್ಧಾರವಾಯಿತೋ ನನಗೆ ತೀರ್ಮಾನಿಸಲು ಆಗಿಲ್ಲ. ತೀರ್ಮಾನಿಸಲು ಕೂತಾಗಲೆಲ್ಲ, ನಾನು ಯಾವ ಕುರ್ಚಿಯಲ್ಲಿ ಕೂತಿದ್ದೇನೆ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ.

ಹಿಂದಿರುಗುವ ಮುನ್ನ ಸೋದರಳಿಯ ನನ್ನನ್ನು ಹಡರ್ಸ್‌ಫೀಲ್ಡಿಗೆ ಕರೆದುಕೊಂಡು ಹೋದ. ರೈಲು ನಿಲ್ದಾಣದ ಎದುರಿನ ಚೌಕದ ಮೂಲೆಯಲ್ಲಿ ಜಾರ್ಜ್ ಹೋಟೆಲು, 2013ರಲ್ಲಿ ಮುಚ್ಚಿದ್ದು. ಪಕ್ಕದ ಮನೆಯ ಮುದುಕರೂ ನಮ್ಮ ಜೊತೆ ಬಂದಿದ್ದರು. ಅವರು ಹೋಟೆಲಿನ ಕಡೆ ಹೆಚ್ಚು ನೋಡಲಿಲ್ಲ. ತಮ್ಮ ಅಪ್ಪ ಶನಿವಾರ ಆಡಿ, ಊದಿದ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಸೋಮವಾರ ಗಣಿಗೆ ಇಳಿಯುತ್ತಿದ್ದ ಕಥೆ ಹೇಳಿದರು. "ಎಷ್ಟು ಕೊಡುತ್ತಿದ್ದರು?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಸಾಲುತ್ತಿರಲಿಲ್ಲ, ಆದರೂ ಆಡುತ್ತಿದ್ದ" ಎಂದರು.

ಊರಿಗೆ ಬಂದ ಮೇಲೆ ನಮ್ಮ ನಾಟಕ ತಂಡದ ನಡಾವಳಿ ಪುಸ್ತಕ ಹುಡುಕಿದೆ. ಆಗ ಕಾರ್ಯದರ್ಶಿ ನಾನೇ ಆದ್ದರಿಂದ ಅದು ನನ್ನ ಬಳಿಯೇ ಉಳಿದಿದೆ. ಅಂದಿನ ಸಭೆಯ ಪುಟ ಸಿಕ್ಕಿತು. ಇಬ್ಬರು ಸದಸ್ಯರು ಹಣ ಕೊಡಬೇಕೆಂದು ಬಲವಾಗಿ ವಾದಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಅವರಲ್ಲೊಬ್ಬರು ಸಿಟ್ಟಿನಿಂದ ಎದ್ದುಹೋಗಿದ್ದರು. ಪುಟದಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ "ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಎಂದಿದೆ. ಹಾಜರಿದ್ದವರ ಪಟ್ಟಿಯಲ್ಲಿ ಮೊಳೆ ಜೋಡಿಸುವವನ ಹೆಸರಿಲ್ಲ. ಅವನು ಬಂದಿದ್ದ, ಚಹಾ ತರಲು ನಾವು ಅವನನ್ನೇ ಕಳಿಸಿದ್ದೆವು.